ಆಸಕ್ತಿ ಕೂಡಿಸಿದ ಬಳಗ, ಅಲ್ಲಾಹನು ಕೂಡಿಸಿದ ನೆರೆ

ನಿಮ್ಮ ಮಗನ ಅಥವಾ ಮಗಳ ಗೆಳೆಯರು ಯಾರು? ಈ ಪ್ರಶ್ನೆಯನ್ನು ಯಾರಾದರೂ ಇದ್ದಕ್ಕಿದ್ದಂತೆ ಕೇಳಿದರೆ ನೀವು ಏನು ಉತ್ತರ ಕೊಡುತ್ತೀರಿ?

ನಮ್ಮ ಹಿಂದಿನ ತಲೆಮಾರಿನ ತಂದೆತಾಯಂದಿರಿಗೆ ಇದೊಂದು ಕಷ್ಟದ ಪ್ರಶ್ನೆಯಾಗಿರಲಿಲ್ಲ. ಗೆಳೆಯರೆಂದರೆ ಅದೇ ಬೀದಿಯವರು, ಅದೇ ತರಗತಿಯವರು, ಹೆಚ್ಚುಕಡಿಮೆ ಒಂದೇ ಪ್ರಾಯದವರು. ಆ ಹುಡುಗನ ಮನೆ ಎಲ್ಲಿ, ಅವನ ತಂದೆಯ ಕೆಲಸವೇನು, ಆ ಮನೆಯ ನಡೆನುಡಿ ಎಂಥದು ಎಂಬುದೆಲ್ಲ ತಾಯಿಗೆ ತಿಳಿದಿರುತ್ತಿತ್ತು. ಇಂದು ಹಾಗಿಲ್ಲ. ಹದಿನಾಲ್ಕರ ಹುಡುಗನ ಅತ್ಯಾಪ್ತ ಸಂಗಾತಿ ಬೇರೊಂದು ದೇಶದ ಐವತ್ತು ವರ್ಷದ ಎಂಜಿನಿಯರ್ ಆಗಿರಬಹುದು. ನಿವೃತ್ತರಾದ ಹಿರಿಯರೊಬ್ಬರು ದಿನವೂ ಮಾತನಾಡುವುದು ಎಂದೂ ಕಂಡರಿಯದ ಕಾಲೇಜು ಹುಡುಗರೊಂದಿಗೆ ಆಗಿರಬಹುದು. ಅವರನ್ನು ಕೂಡಿಸಿದ್ದು ಊರಲ್ಲ, ವಯಸ್ಸಲ್ಲ, ಭಾಷೆಯಲ್ಲ, ಧರ್ಮವೂ ಅಲ್ಲ. ಅವರನ್ನು ಕೂಡಿಸಿದ್ದು ಒಂದು ಆಸಕ್ತಿ. ಹಳೆಯ ನಾಣ್ಯ, ಅಂಚೆಚೀಟಿ, ಪಾರಿವಾಳ, ನಕ್ಷತ್ರ, ರೇಡಿಯೋ, ವಿಮಾನ ಹೀಗೆ ಯಾವುದಾದರೂ ಒಂದು. ಊರಿಗೊಬ್ಬರೋ ಇಬ್ಬರೋ ಇರುತ್ತಿದ್ದ ಇಂಥ ಆಸಕ್ತರು ಈಗ ಅಂಗೈಯ ಫೋನಿನ ಮೂಲಕ ಜಗತ್ತಿನ ಎಲ್ಲೆಡೆಯಿಂದ ಒಂದೆಡೆ ಸೇರುತ್ತಾರೆ.

ಇದು ಒಳ್ಳೆಯದೇ, ಕೆಟ್ಟದ್ದೇ? ಕೆಲವರು ಇದನ್ನು ಸಮಯ ಹಾಳು ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುತ್ತಾರೆ. ಇನ್ನು ಕೆಲವರು ಕಾಲ ಬದಲಾಗಿದೆ ಎಂದು ಕಣ್ಣು ಮುಚ್ಚಿಕೊಳ್ಳುತ್ತಾರೆ. ಇವೆರಡೂ ಸರಿಯಾದ ಉತ್ತರವಲ್ಲ. ಸತ್ಯವಿಶ್ವಾಸಿಗೆ ಒಂದು ಅಳತೆಗೋಲಿದೆ. ಅದನ್ನು ಹಿಡಿದು ಈ ವಿಷಯವನ್ನು ಸ್ವಲ್ಪ ಶಾಂತವಾಗಿ ಪರಿಶೀಲಿಸೋಣ.

ವಿಮಾನಪುರದ ಆಕಾಶ

ಬೆಂಗಳೂರಿನ ಪೂರ್ವಭಾಗದ ವಿಮಾನಪುರವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಹೆಸರೇ ಹೇಳುವಂತೆ ಇದು ವಿಮಾನದಿಂದ ಹುಟ್ಟಿದ ಬಡಾವಣೆ. 1940ರ ಡಿಸೆಂಬರಿನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ಸಹಭಾಗಿತ್ವದಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. ಅದೇ ಮುಂದೆ ನಾವು ಎಚ್‌ಎಎಲ್ ಎಂದು ಕರೆಯುವ ಹಿಂದೂಸ್ಥಾನ್ ಏರೋನಾಟಿಕ್ಸ್ ಆಯಿತು. 1951ರಲ್ಲಿ ಎಚ್‌ಟಿ-2 ಎಂಬ ತರಬೇತಿ ವಿಮಾನ, 1961ರ ಜೂನ್ 17ರಂದು ಮರುತ್ ಎಂಬ ಯುದ್ಧವಿಮಾನ, 2001ರ ಜನವರಿ 4ರಂದು ಇಂದಿನ ತೇಜಸ್, ಇವೆಲ್ಲ ಮೊದಲ ಬಾರಿ ನೆಲ ಬಿಟ್ಟು ಮೇಲೇರಿದ್ದು ಬೆಂಗಳೂರಿನಲ್ಲಿಯೇ. 2008ರ ಮೇ ತಿಂಗಳವರೆಗೆ ನಗರದ ಪ್ರಯಾಣಿಕ ವಿಮಾನಗಳೂ ಇಲ್ಲಿಯೇ ಇಳಿಯುತ್ತಿದ್ದವು. ಆ ಬಳಿಕ ಅವು ದೇವನಹಳ್ಳಿಗೆ ಹೋದವು. ಇಲ್ಲಿಯ ರಸ್ತೆಗೆ ಹಳೆ ವಿಮಾನ ನಿಲ್ದಾಣ ರಸ್ತೆ ಎಂಬ ಹೆಸರು ಉಳಿಯಿತು. ಆದರೆ ರನ್‌ವೇ ನಿದ್ರಿಸಲಿಲ್ಲ. ಪರೀಕ್ಷಾ ಹಾರಾಟಗಳ ಸದ್ದು ಇಂದಿಗೂ ಕೇಳಿಸುತ್ತದೆ.

ಇಂಥ ಸ್ಥಳದಲ್ಲಿ ಬೆಳೆದ ಮಗು ಆಕಾಶ ನೋಡದಿರುವುದು ಹೇಗೆ? ಅಣ್ಣಸಂದ್ರ ಪಾಳ್ಯ, ಇಸ್ಲಾಂಪುರ, ಮುರುಗೇಶ್‌ಪಾಳ್ಯದ ಮಹಡಿಗಳಲ್ಲಿ ಸದ್ದು ಕೇಳಿದೊಡನೆ ತಲೆಯೆತ್ತುವ ಮಕ್ಕಳು ಪ್ರತಿಯೊಂದು ತಲೆಮಾರಿನಲ್ಲಿಯೂ ಇದ್ದಾರೆ. ಹೆಚ್ಚಿನವರಿಗೆ ಅದು ಬಾಲ್ಯದೊಂದಿಗೆ ಮುಗಿಯುತ್ತದೆ. ಕೆಲವರಿಗೆ ಮುಗಿಯುವುದಿಲ್ಲ. ರೆಕ್ಕೆಯ ಆಕಾರದಿಂದಲೇ ಅವರು ವಿಮಾನದ ಹೆಸರು ಹೇಳುತ್ತಾರೆ. ಬಾಲದ ಮೇಲಿನ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆದಿಡುತ್ತಾರೆ. 1996ರಿಂದ ಯಲಹಂಕದಲ್ಲಿ ನಡೆಯುತ್ತ ಬಂದಿರುವ ವೈಮಾನಿಕ ಪ್ರದರ್ಶನಕ್ಕಾಗಿ ದಿನ ಎಣಿಸುತ್ತಾರೆ. ಮನೆಯವರಿಗೆ ಇದು ಹುಚ್ಚು. ಅಣ್ಣತಮ್ಮಂದಿರಿಗೆ ತಮಾಷೆ. ಕೊನೆಗೆ ಒಂದು ದಿನ ಅವರಿಗೆ ತಮ್ಮಂತೆಯೇ ಇರುವ ಇನ್ನೊಬ್ಬರು ಎಲ್ಲೋ ದೂರದಲ್ಲಿ ಸಿಗುತ್ತಾರೆ. ನಾನೊಬ್ಬನೇ ಅಲ್ಲ ಎಂಬ ಸಮಾಧಾನ ಅಂದು ಅವರಿಗೆ ದೊರೆಯುತ್ತದೆ. ಆ ಸಮಾಧಾನವನ್ನು ನಾವು ಹಗುರವಾಗಿ ಕಾಣಬಾರದು.

ವಯಸ್ಸು ಕೇಳದ ಬಳಗ

ಇಂಥ ಬಳಗಗಳ ಮೊದಲ ಲಕ್ಷಣವೇನೆಂದರೆ ಅವು ವಯಸ್ಸು ಕೇಳುವುದಿಲ್ಲ. ಇದಕ್ಕೆ ಫೋನಿಗಿಂತ ಬಹಳ ಹಳೆಯದಾದ ಒಂದು ಉದಾಹರಣೆಯಿದೆ. ಅದು ಹವ್ಯಾಸಿ ರೇಡಿಯೋ, ಅಂದರೆ ಹ್ಯಾಮ್ ರೇಡಿಯೋ. ನಮ್ಮ ದೇಶದಲ್ಲಿ 12 ವರ್ಷ ತುಂಬಿದವರು ಸರಕಾರದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಇದರ ಪರವಾನಗಿ ಪಡೆಯಬಹುದು. ಬೆಂಗಳೂರಿನಲ್ಲಿ ಈ ಹವ್ಯಾಸಕ್ಕೆ ಹಲವು ದಶಕಗಳ ಇತಿಹಾಸವಿದೆ. ಅವರಲ್ಲಿ ಜಗತ್ತಿನಾದ್ಯಂತ ಒಂದು ವಾಡಿಕೆಯಿದೆ. ಗಂಡಸರೆಲ್ಲರನ್ನೂ ಓಲ್ಡ್ ಮ್ಯಾನ್, ಅಂದರೆ ಮುದುಕ ಎಂದು ಸಂಬೋಧಿಸುತ್ತಾರೆ. ಹೆಂಗಸರೆಲ್ಲರನ್ನೂ ಯಂಗ್ ಲೇಡಿ, ಅಂದರೆ ತರುಣಿ ಎನ್ನುತ್ತಾರೆ. ಹನ್ನೆರಡರ ಹುಡುಗನೂ ಅಲ್ಲಿ ಮುದುಕ, ಎಪ್ಪತ್ತರ ಅಜ್ಜಿಯೂ ಅಲ್ಲಿ ತರುಣಿ. ಕಿವಿಗೆ ಬೀಳುವುದು ಕೇವಲ ಧ್ವನಿ ಅಥವಾ ಸಂಕೇತ. ಮುಖವಿಲ್ಲ, ಉಡುಪಿಲ್ಲ, ಅಂತಸ್ತಿಲ್ಲ. ತಿಳಿದವನು ಕಲಿಸುತ್ತಾನೆ, ತಿಳಿಯದವನು ಕಲಿಯುತ್ತಾನೆ.

ಈ ಹವ್ಯಾಸ ಬರೀ ಹರಟೆಯಲ್ಲಿ ಮುಗಿಯುವುದೂ ಇಲ್ಲ. 2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಎಂಬ ಹವ್ಯಾಸಿ ರೇಡಿಯೋ ನಿರ್ವಾಹಕಿ ತಮ್ಮ ತಂಡದೊಂದಿಗೆ ಅಂಡಮಾನಿನ ಪೋರ್ಟ್ ಬ್ಲೇರ್‌ಗೆ ಹೋಗಿದ್ದರು. ಉದ್ದೇಶ ಹವ್ಯಾಸವೇ. ಅಲ್ಲಿಂದ ದೂರದ ದೇಶಗಳ ಹವ್ಯಾಸಿಗಳೊಂದಿಗೆ ಮಾತನಾಡುವುದು. ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿತು. ದೂರವಾಣಿ ಸಂಪರ್ಕ ಕಡಿದುಹೋದಾಗ ಈ ಪುಟ್ಟ ತಂಡದ ರೇಡಿಯೋ ದ್ವೀಪಗಳ ಸುದ್ದಿಯನ್ನು ಹೊರಜಗತ್ತಿಗೆ ತಲುಪಿಸಿತು. ತಮ್ಮವರು ಬದುಕಿದ್ದಾರೋ ಇಲ್ಲವೋ ಎಂದು ತಿಳಿಯದೆ ಕಂಗಾಲಾಗಿದ್ದ ಕುಟುಂಬಗಳಿಗೆ ಸಂದೇಶ ಮುಟ್ಟಿಸಿತು. ನಿನ್ನೆಯವರೆಗೆ ಯಾರಿಗೂ ಬೇಡವಾದ ಹುಚ್ಚೆಂದು ತೋರುತ್ತಿದ್ದ ಒಂದು ವಿದ್ಯೆ ಅಂದು ಜನರ ಕಣ್ಣೀರು ಒರೆಸಿತು. ಯಾವ ಜ್ಞಾನವನ್ನು ಅಲ್ಲಾಹನು ಯಾವಾಗ ಯಾರ ನೆರವಿಗೆ ಬಳಸುವನೆಂದು ನಮಗೆ ಗೊತ್ತಿಲ್ಲ. ಆದುದರಿಂದ ಎಲ್ಲ ಹವ್ಯಾಸವನ್ನೂ ವ್ಯರ್ಥವೆಂದು ತೀರ್ಮಾನಿಸುವ ಮುನ್ನ ಒಂದು ಕ್ಷಣ ಯೋಚಿಸಬೇಕು.

ಜ್ಞಾನದ ವಿಷಯದಲ್ಲಿ ವಯಸ್ಸನ್ನು ಅಡ್ಡಗೋಡೆಯಾಗಿಸದಿರುವುದು ನಮಗೆ ಹೊಸ ಪಾಠವೇನೂ ಅಲ್ಲ. ಪ್ರವಾದಿವರ್ಯರ(ಸ) ನಿಧನದ ಕಾಲಕ್ಕೆ ಇಬ್ನು ಅಬ್ಬಾಸ್(ರ) ಇನ್ನೂ ಬಾಲಕರಾಗಿದ್ದರು. ಮುಂದೆ ಖಲೀಫಾ ಉಮರ್(ರ) ಆ ತರುಣನನ್ನು ಬದ್ರ್‌ನಲ್ಲಿ ಭಾಗವಹಿಸಿದ್ದ ಹಿರಿಯ ಸಹಾಬಿಗಳ ಸಭೆಗೆ ಕರೆದುಕೊಂಡು ಬರುತ್ತಿದ್ದರು. ಇವನ ಪ್ರಾಯದ ಮಕ್ಕಳು ನಮಗೂ ಇದ್ದಾರಲ್ಲ ಎಂದು ಕೆಲವರು ಅಸಮಾಧಾನಪಟ್ಟರು. ಉಮರ್(ರ) ಅನ್ನಸ್ರ್ ಅಧ್ಯಾಯದ ಅರ್ಥವನ್ನು ಎಲ್ಲರೆದುರು ಕೇಳಿದರು. ಅದು ಪ್ರವಾದಿವರ್ಯರ(ಸ) ಅಗಲಿಕೆಯ ಸೂಚನೆಯೆಂದು ಇಬ್ನು ಅಬ್ಬಾಸ್(ರ) ವಿವರಿಸಿದಾಗ, ತಾನೂ ಹಾಗೆಯೇ ತಿಳಿದಿದ್ದೇನೆ ಎಂದು ಉಮರ್(ರ) ಒಪ್ಪಿದರು.

ಇನ್ನೊಂದು ಘಟನೆಯನ್ನೂ ನೋಡಿ. ಎಲೆ ಉದುರದ, ಮುಸ್ಲಿಮನನ್ನು ಹೋಲುವ ಮರ ಯಾವುದೆಂದು ಪ್ರವಾದಿವರ್ಯರು(ಸ) ತಮ್ಮ ಸಂಗಾತಿಗಳನ್ನು ಕೇಳಿದರು. ಅದು ಖರ್ಜೂರದ ಮರವೆಂದು ಉಮರರ ಮಗ ಅಬ್ದುಲ್ಲಾರಿಗೆ(ರ) ಹೊಳೆಯಿತು. ಆದರೆ ಸಭೆಯಲ್ಲಿ ತಾನೇ ಕಿರಿಯ ಎಂಬ ಸಂಕೋಚದಿಂದ ಅವರು ಸುಮ್ಮನಿದ್ದರು. ವಿಷಯ ತಿಳಿದ ಮೇಲೆ ತಂದೆ ಏನು ಹೇಳಿದರು? ಹಿರಿಯರೆದುರು ಬಾಯಿಬಿಡದಿದ್ದುದು ಒಳ್ಳೆಯದಾಯಿತೆಂದು ಹೊಗಳಲಿಲ್ಲ. ನೀನು ಹೇಳಿಬಿಟ್ಟಿದ್ದರೆ ನನಗೆ ಎಷ್ಟೋ ಸಂತೋಷವಾಗುತ್ತಿತ್ತು ಎಂಬರ್ಥದ ಮಾತನ್ನಾಡಿದರು. ಹಿರಿಯರ ನಡುವೆ ಕಿರಿಯನಿಗೂ ಮಾತಿನ ಹಕ್ಕಿದೆ ಎಂಬುದನ್ನು ನಮ್ಮ ಪೂರ್ವಿಕರು ಹೀಗೆ ಕಲಿಸಿದ್ದರು. ಇಂದು ನಮ್ಮ ಮನೆಗಳಲ್ಲಿ ಮಗ ತಾನು ಓದಿದ ಏನನ್ನಾದರೂ ಹೇಳಲು ಹೊರಟರೆ, ದೊಡ್ಡವರು ಮಾತನಾಡುವಾಗ ನಡುವೆ ಬರಬೇಡ ಎಂದು ಸುಮ್ಮನಾಗಿಸುತ್ತೇವೆ. ಕೇಳುವ ಕಿವಿಗಳನ್ನು ಅವನು ಬೇರೆಡೆ ಹುಡುಕಿಕೊಂಡರೆ ಅದರಲ್ಲಿ ನಮ್ಮ ಪಾಲು ಇಲ್ಲವೇ?

ವಯಸ್ಸು ಮರೆಯಬಹುದು, ಹೊಣೆ ಮರೆಯಬಾರದು

ಆದರೆ ನಾಣ್ಯಕ್ಕೆ ಇನ್ನೊಂದು ಮುಖವೂ ಇದೆ. ವಯಸ್ಸಿನ ಗೋಡೆ ಬಿದ್ದಾಗ ಅದರೊಂದಿಗೆ ವಯಸ್ಸಿನ ಹೊಣೆಯೂ ಬಿದ್ದುಹೋಗುವ ಅಪಾಯವಿದೆ. ಕಿರಿಯರ ಮೇಲೆ ಕರುಣೆ ತೋರದವನು, ಹಿರಿಯರ ಗೌರವವನ್ನು ಅರಿಯದವನು ನಮ್ಮವನಲ್ಲ ಎಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಇಲ್ಲಿ ಕಿರಿಯರೂ ಇದ್ದಾರೆ, ಹಿರಿಯರೂ ಇದ್ದಾರೆ. ಇಬ್ಬರ ನಡುವಿನ ವ್ಯತ್ಯಾಸವನ್ನು ಇಸ್ಲಾಮ್ ಅಳಿಸಿಲ್ಲ. ಅದನ್ನು ಎರಡು ಕರ್ತವ್ಯಗಳಾಗಿ ಹಂಚಿದೆ. ಐವತ್ತರ ಮನುಷ್ಯ ಹದಿನಾಲ್ಕರ ಹುಡುಗನೊಂದಿಗೆ ವಿಮಾನದ ಎಂಜಿನ್ ಬಗ್ಗೆ ಸರಿಸಮನಾಗಿ ವಾದಿಸಬಹುದು. ಆದರೆ ತಾನು ಹಿರಿಯ, ಎದುರಿಗಿರುವುದು ಮಗು ಎಂಬುದನ್ನು ಅವನು ಒಂದು ಗಳಿಗೆಯೂ ಮರೆಯುವಂತಿಲ್ಲ. ಆ ಮಗುವಿನ ಕಿವಿಗೆ ಎಂಥ ಮಾತು ಬೀಳುತ್ತಿದೆ, ಅವನು ರಾತ್ರಿ ಎಷ್ಟು ಹೊತ್ತಿನವರೆಗೆ ಎಚ್ಚರವಿದ್ದಾನೆ, ನಾಳೆ ಅವನಿಗೆ ಶಾಲೆಯಿದೆಯೇ ಎಂಬ ಕಾಳಜಿ ಹಿರಿಯನಿಗಿರಬೇಕು. ಹಾಗೆಯೇ ಹುಡುಗನಿಗೆ ವಿಷಯ ಹೆಚ್ಚು ಗೊತ್ತಿರಬಹುದು. ಅದರಿಂದ ಅಜ್ಜನ ಪ್ರಾಯದವರನ್ನು ಏಕವಚನದಲ್ಲಿ ಗೇಲಿ ಮಾಡುವ ಅನುಮತಿ ಅವನಿಗೆ ಸಿಗುವುದಿಲ್ಲ.

ಮುಖ ಕಾಣದ ಬಳಗದಲ್ಲಿ ವಯಸ್ಸನ್ನು ಸುಳ್ಳು ಹೇಳುವುದು ಬಹಳ ಸುಲಭ. ಹುಡುಗ ತಾನು ದೊಡ್ಡವನೆಂದು ಹೇಳಿಕೊಂಡು ಒಳಗೆ ಬರುತ್ತಾನೆ. ಅದು ಸಣ್ಣ ಸುಳ್ಳೆಂದು ನಾವು ನಗುತ್ತೇವೆ. ಸುಳ್ಳಿನಿಂದ ತೆರೆದ ಬಾಗಿಲೊಳಗೆ ಎಂಥವರು ಕುಳಿತಿದ್ದಾರೆಂದು ಯಾರು ಬಲ್ಲರು? ಇನ್ನೂ ಭಯಾನಕವಾದುದು ದೊಡ್ಡವನೊಬ್ಬ ತಾನು ಹುಡುಗನೆಂದು ಹೇಳಿಕೊಂಡು ಮಕ್ಕಳ ನಡುವೆ ಸೇರಿಕೊಳ್ಳುವುದು. ನಮ್ಮ ದೇಶದ ಕಾನೂನು ಈ ಅಪಾಯವನ್ನು ಗುರುತಿಸಿದೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೋ ಕಾಯ್ದೆ 18 ವರ್ಷ ತುಂಬದವರೆಲ್ಲರನ್ನೂ ಮಕ್ಕಳೆಂದೇ ಪರಿಗಣಿಸುತ್ತದೆ. ವೈಯಕ್ತಿಕ ಮಾಹಿತಿಯ ರಕ್ಷಣೆಗಾಗಿ ಸಂಸತ್ತು 2023ರಲ್ಲಿ ಅಂಗೀಕರಿಸಿದ ಕಾಯ್ದೆಯೂ 18ರ ಒಳಗಿನವರ ಮಾಹಿತಿ ಬಳಸಲು ಪಾಲಕರ ಒಪ್ಪಿಗೆ ಬೇಕೆನ್ನುತ್ತದೆ. ಕಾನೂನು ತನ್ನ ಕೆಲಸ ಮಾಡಲಿ. ಆದರೆ ಮಗುವಿನ ಮೊದಲ ಕಾವಲುಗಾರ ಕಾನೂನಲ್ಲ, ತಂದೆತಾಯಿ. ಪ್ರತಿಯೊಬ್ಬನೂ ಮೇಯಿಸುವವನು, ತನ್ನ ಮಂದೆಯ ಬಗ್ಗೆ ಪ್ರತಿಯೊಬ್ಬನೂ ವಿಚಾರಣೆಗೊಳಗಾಗುವನು ಎಂಬ ಹದೀಸನ್ನು ನೀವೆಲ್ಲ ಕೇಳಿದ್ದೀರಿ.

ವಿಮಾನಪುರದಂಥ ಕಡೆಯಲ್ಲಿ ಇನ್ನೊಂದು ಎಚ್ಚರವೂ ಬೇಕು. ಕಾರ್ಖಾನೆಯ ಗೋಡೆಯಾಚೆ ಇರುವುದು ದೇಶದ ರಕ್ಷಣೆಗೆ ಸಂಬಂಧಿಸಿದ ಸ್ಥಳ. ಅನುಮತಿಯಿಲ್ಲದೆ ಅಲ್ಲಿ ಚಿತ್ರ ತೆಗೆಯುವಂತಿಲ್ಲ. 1923ರ ಅಧಿಕೃತ ರಹಸ್ಯ ಕಾಯ್ದೆ ಇಂದಿಗೂ ಜಾರಿಯಲ್ಲಿದೆ. ವಿಮಾನದ ಹುಚ್ಚಿರುವ ಹುಡುಗ ತನ್ನ ಮಹಡಿಯಿಂದ ಚಿತ್ರ ತೆಗೆದು ಎಂದೂ ನೋಡದ ಗೆಳೆಯನಿಗೆ ಕಳುಹಿಸಿದರೆ, ಅವನ ಮಟ್ಟಿಗೆ ಅದು ಹೆಮ್ಮೆ. ಆದರೆ ಆ ಗೆಳೆಯ ಯಾರು, ಅವನಿಗೆ ಆ ಚಿತ್ರ ಏತಕ್ಕೆ ಬೇಕು? ಕೈತಪ್ಪಿದ ಮೇಲೆ ಆ ಚಿತ್ರ ಎಲ್ಲಿಗೆ ಹೋಗುತ್ತದೆ? ನಾಡಿನ ಭದ್ರತೆ ನಮ್ಮ ಕೈಯಲ್ಲಿರುವ ಒಂದು ಅಮಾನತ್ತು. ಹವ್ಯಾಸದ ಹೆಸರಿನಲ್ಲಿ ಅದನ್ನು ಮುರಿಯುವ ಹಕ್ಕು ನಮಗಿಲ್ಲ. ಇದನ್ನು ಮಗನಿಗೆ ಬೆದರಿಸಿ ಹೇಳಬೇಕಿಲ್ಲ, ಕೂರಿಸಿಕೊಂಡು ತಿಳಿಸಿ ಹೇಳಬೇಕು.

ಹಾಗಾದರೆ ಒಳ್ಳೆಯ ಬಳಗವನ್ನು ಗುರುತಿಸುವುದು ಹೇಗೆ? ಇಲ್ಲಿ ಪುನಃ ಹವ್ಯಾಸಿ ರೇಡಿಯೋದವರಿಂದ ಒಂದು ಪಾಠ ಕಲಿಯಬಹುದು. ಅವರ ಮಾತು ಗುಟ್ಟಿನ ಮಾತಲ್ಲ. ರೇಡಿಯೋ ಇರುವ ಯಾರು ಬೇಕಾದರೂ ಅದನ್ನು ಕೇಳಬಹುದು. ಅರ್ಥ ಮರೆಮಾಚುವ ಗುಪ್ತ ಸಂಕೇತ ಬಳಸಲು ನಿಯಮ ಒಪ್ಪುವುದಿಲ್ಲ. ಪ್ರತಿಯೊಬ್ಬನೂ ಸರಕಾರ ಕೊಟ್ಟ ತನ್ನ ಗುರುತನ್ನು ಹೇಳಿಯೇ ಮಾತನಾಡಬೇಕು. ಇಂಥ ಬಳಗದಲ್ಲಿ ಹನ್ನೆರಡರ ಹುಡುಗನನ್ನು ಮುದುಕ ಎಂದು ಕರೆದರೆ ಅದರಿಂದ ಅಪಾಯವಿಲ್ಲ. ಏಕೆಂದರೆ ಅಲ್ಲಿ ವಯಸ್ಸು ಮರೆತಿದ್ದಾರೆಯೇ ಹೊರತು ಹೊಣೆಯನ್ನು ಮರೆತಿಲ್ಲ. ಯಾವ ಕೆಲಸ ಮನಸ್ಸನ್ನು ಚುಚ್ಚುತ್ತದೆಯೋ, ಯಾವುದನ್ನು ಜನರು ತಿಳಿಯುವುದು ನಿಮಗೆ ಇಷ್ಟವಿಲ್ಲವೋ ಅದು ಪಾಪ ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಇದಕ್ಕಿಂತ ಸರಳವಾದ ಅಳತೆಗೋಲು ಬೇರೆ ಯಾವುದಿದೆ? ಮಗನೇ, ನೀನು ಅವರೊಂದಿಗೆ ಆಡಿದ ಮಾತನ್ನು ಅಮ್ಮಿಯೆದುರು ಗಟ್ಟಿಯಾಗಿ ಓದಬಲ್ಲೆಯಾ? ಓದಬಲ್ಲೆಯಾದರೆ ಆ ಸಂಗ ಕಸ್ತೂರಿ ಮಾರುವವನ ಸಂಗ. ಏನನ್ನೂ ಕೊಳ್ಳದಿದ್ದರೂ ಸುಗಂಧವಾದರೂ ಸಿಕ್ಕೀತು. ಓದಲಾರೆಯಾದರೆ ಅದು ಕುಲುಮೆ ಊದುವವನ ಸಂಗ. ಬಟ್ಟೆ ಸುಡದಿದ್ದರೂ ಹೊಗೆಯ ವಾಸನೆಯಂತೂ ತಪ್ಪದು. ಒಳ್ಳೆಯ ಮತ್ತು ಕೆಟ್ಟ ಸಂಗಾತಿಗೆ ಪ್ರವಾದಿವರ್ಯರು(ಸ) ಕೊಟ್ಟ ಹೋಲಿಕೆಯೇ ಇದು.

ಆರಿಸಿಕೊಂಡವರು ಮತ್ತು ಆರಿಸಿಕೊಳ್ಳದವರು

ಇನ್ನು ಎಲ್ಲಕ್ಕಿಂತ ಮುಖ್ಯವಾದ, ಆದರೆ ನಾವು ಅಪರೂಪಕ್ಕೂ ಯೋಚಿಸದ ವಿಷಯಕ್ಕೆ ಬರೋಣ. ಬಳಗ ಒಳ್ಳೆಯದೇ ಎಂದಿಟ್ಟುಕೊಳ್ಳಿ. ಅಲ್ಲಿ ಕೆಟ್ಟ ಮಾತಿಲ್ಲ, ಸುಳ್ಳಿಲ್ಲ, ಮೋಸವಿಲ್ಲ. ಆಗ ಪ್ರಶ್ನೆ ಮುಗಿಯಿತೇ?

ವಿಮಾನಪುರದ ಒಂದು ಮನೆಯನ್ನು ಊಹಿಸಿಕೊಳ್ಳಿ. ಒಂದು ಕೋಣೆಯಲ್ಲಿ ಹದಿನಾರರ ಹುಡುಗ ಫೋನ್ ಹಿಡಿದು ಕುಳಿತಿದ್ದಾನೆ. ಮರುತ್ ವಿಮಾನದ ಬಗ್ಗೆ ಚರ್ಚೆ ನಡೆದಿದೆ. ಜರ್ಮನಿಯ ಕುರ್ಟ್ ಟಾಂಕ್ ಅದನ್ನು ಹೇಗೆ ವಿನ್ಯಾಸಗೊಳಿಸಿದರು, ತಕ್ಕ ಎಂಜಿನ್ ದೊರೆಯದೆ ಅದು ನಿರೀಕ್ಷಿಸಿದ ವೇಗವನ್ನು ಏಕೆ ಮುಟ್ಟಲಿಲ್ಲ, 147 ವಿಮಾನಗಳಿಗೆ ತಯಾರಿಕೆ ಏಕೆ ನಿಂತಿತು ಎಂದು ಅವನು ದೂರದೇಶದವರೊಂದಿಗೆ ಉತ್ಸಾಹದಿಂದ ವಾದಿಸುತ್ತಿದ್ದಾನೆ. ಪಕ್ಕದ ಕೋಣೆಯಲ್ಲಿ ಅವನ ಅಜ್ಜ ಒಬ್ಬರೇ ಕುಳಿತಿದ್ದಾರೆ. ತಾರುಣ್ಯದಲ್ಲಿ ಅದೇ ಕಾರ್ಖಾನೆಯಲ್ಲಿ ಅದೇ ವಿಮಾನದ ತಗಡಿಗೆ ರಿವೆಟ್ ಹೊಡೆದ ಕೈ ಅವರದು. ಆದರೆ ದಾದಾ, ನೀವು ಮರುತ್ ನೋಡಿದ್ದೀರಾ ಎಂದು ಅವರನ್ನು ಈವರೆಗೆ ಯಾರೂ ಕೇಳಿಲ್ಲ. ಮೊಮ್ಮಗನಿಗೆ ಯಾವುದರಲ್ಲಿ ಆಸಕ್ತಿಯೆಂದು ಅಜ್ಜನಿಗೂ ಗೊತ್ತಿಲ್ಲ. ಹುಡುಗ ಹುಡುಕುತ್ತಿರುವ ಮನುಷ್ಯ ನಡುಗೋಡೆಯ ಆಚೆಗೇ ಇದ್ದಾನೆ. ಮರುತ್‌ನ ತಯಾರಿಕೆ 1977ರಲ್ಲಿ ಮುಗಿಯಿತು. ಅದನ್ನು ಕಟ್ಟಿದ ಕೈಗಳು ಈಗ ಎಪ್ಪತ್ತು, ಎಂಬತ್ತು ದಾಟಿವೆ. ಇನ್ನು ಕೆಲವು ವರ್ಷಗಳ ಬಳಿಕ ಕೇಳಬೇಕೆಂದರೂ ಉತ್ತರಿಸುವವರು ಇರುವುದಿಲ್ಲ.

ಇದು ಊಹೆಯ ಮನೆ. ಆದರೆ ನಿಮ್ಮ ಮನೆಯಲ್ಲಿ ಇಂಥ ನಡುಗೋಡೆ ಇಲ್ಲವೆಂದು ಖಚಿತವಾಗಿ ಹೇಳಬಲ್ಲಿರಾ?

ಆಸಕ್ತಿಯಿಂದ ಕೂಡಿದ ಬಳಗದ ದೌರ್ಬಲ್ಯ ಇಲ್ಲಿದೆ. ಅದನ್ನು ನಾವು ನಮ್ಮ ಇಷ್ಟದಂತೆ ಆರಿಸಿಕೊಂಡಿರುತ್ತೇವೆ. ಬೇಸರವಾದರೆ ಎದ್ದು ಹೋಗುತ್ತೇವೆ. ಅಲ್ಲಿ ನಮ್ಮ ತಾಳ್ಮೆಗೆ ಪರೀಕ್ಷೆಯಿಲ್ಲ. ಏಕೆಂದರೆ ಎಲ್ಲರೂ ನಮಗೆ ಪ್ರಿಯವಾದುದನ್ನೇ ಮಾತನಾಡುತ್ತಾರೆ. ಆದರೆ ಅಲ್ಲಾಹನು ನಮ್ಮ ಮೇಲೆ ಹಕ್ಕುಗಳನ್ನಿಟ್ಟು ಹೊಣೆಯಾಗಿಸಿದವರಲ್ಲಿ ಹೆಚ್ಚಿನವರನ್ನು ನಾವು ಆರಿಸಿಕೊಂಡಿಲ್ಲ. ತಂದೆತಾಯಿಯನ್ನು ನಾವು ಆರಿಸಲಿಲ್ಲ. ಅಣ್ಣತಂಗಿಯರನ್ನು ಆರಿಸಲಿಲ್ಲ. ಪಕ್ಕದ ಮನೆಗೆ ಯಾರು ಬಾಡಿಗೆಗೆ ಬರಬೇಕೆಂದು ನಮ್ಮನ್ನು ಯಾರೂ ಕೇಳಲಿಲ್ಲ. ನೆರೆಯವನಿಗೆ ವಾರಸುದಾರನ ಸ್ಥಾನವೇ ಸಿಕ್ಕಿಬಿಡುವುದೇನೋ ಎಂದು ತೋರುವಷ್ಟು ಜಿಬ್ರೀಲ್(ಅ) ನೆರೆಯ ಹಕ್ಕಿನ ಬಗ್ಗೆ ಉಪದೇಶಿಸಿದರೆಂದು ಪ್ರವಾದಿವರ್ಯರು(ಸ) ಹೇಳಿದ್ದಾರೆ. ಆ ನೆರೆಯವನು ನಮ್ಮ ಅಭಿರುಚಿಯವನಾಗಿದ್ದರೆ ಮಾತ್ರ ಎಂಬ ಷರತ್ತನ್ನು ಅಲ್ಲಿ ಹಾಕಿಲ್ಲ. ಅವನು ನಮ್ಮ ಧರ್ಮದವನೇ ಆಗಿರಬೇಕೆಂದೂ ಇಲ್ಲ.

ಮಸೀದಿಯ ಸಫ್‌ಗಳನ್ನು ನೋಡಿ. ಜುಮಾದ ದಿನ ಎಂಜಿನಿಯರನ ಭುಜಕ್ಕೆ ಚಹಾ ಅಂಗಡಿಯವನ ಭುಜ ತಾಗುತ್ತದೆ. ಮುಂದಿನ ಸಾಲಿನಲ್ಲಿ ಆಟೋ ಓಡಿಸುವವನು, ಅವನ ಪಕ್ಕದಲ್ಲಿ ಕಾಲೇಜು ವಿದ್ಯಾರ್ಥಿ, ಇನ್ನೊಂದೆಡೆ ಬೇರೆ ರಾಜ್ಯದಿಂದ ಕೆಲಸ ಹುಡುಕಿ ಬಂದ ಕೂಲಿ. ಇವರ ಆಸಕ್ತಿಗಳಲ್ಲಿ ಒಂದಕ್ಕೊಂದು ಸಂಬಂಧವಿಲ್ಲ. ಬಹುಶಃ ಐದು ನಿಮಿಷ ಮಾತನಾಡಲು ಸಾಮಾನ್ಯವಾದ ವಿಷಯವೂ ಸಿಗದು. ಆದರೂ ಅಲ್ಲಾಹನು ಅವರನ್ನು ಒಂದೇ ಸಾಲಿನಲ್ಲಿ, ನಡುವೆ ತೆರಪಿಲ್ಲದಂತೆ ನಿಲ್ಲಿಸಿದ್ದಾನೆ. ಸಲಾಮ್ ಹೇಳಿ ಮುಗಿಸಿದ ಮೇಲೆ ನಾವು ಏನು ಮಾಡುತ್ತೇವೆ? ಪಕ್ಕದಲ್ಲಿ ನಿಂತವನ ಹೆಸರನ್ನೂ ಕೇಳದೆ ಚಪ್ಪಲಿ ಹುಡುಕುತ್ತ, ಇನ್ನೊಂದು ಕೈಯಲ್ಲಿ ಫೋನ್ ತೆರೆದು, ನಮ್ಮ ಬಳಗದವರು ಏನು ಬರೆದಿದ್ದಾರೆಂದು ನೋಡುತ್ತ ಹೊರಡುತ್ತೇವೆ.

ಹಿಜ್ರತ್‌ನ ಬಳಿಕ ಪ್ರವಾದಿವರ್ಯರು(ಸ) ಮುಹಾಜಿರರನ್ನೂ ಅನ್ಸಾರರನ್ನೂ ಸಹೋದರರನ್ನಾಗಿ ಜೋಡಿಸಿದ ರೀತಿಯನ್ನು ನೆನೆಯಿರಿ. ಪರ್ಶಿಯಾದ ಸಲ್ಮಾನ್(ರ) ಮದೀನಾದ ಅಬೂ ದರ್ದಾರಿಗೆ(ರ) ಸಹೋದರರಾದರು. ನಾಡು ಬೇರೆ, ಹಿನ್ನೆಲೆ ಬೇರೆ, ಮನೋಧರ್ಮವೂ ಬೇರೆ. ಅಬೂ ದರ್ದಾ(ರ) ಹಗಲು ಉಪವಾಸ, ಇರುಳು ನಮಾಝ್ ಎಂದು ಸಂಪೂರ್ಣ ಮಗ್ನರಾಗಿದ್ದರು. ಪತ್ನಿಯ ಕಡೆಗೆ ಗಮನವಿರಲಿಲ್ಲ. ಮನೆಗೆ ಬಂದ ಸಲ್ಮಾನ್(ರ) ಅದನ್ನು ಗುರುತಿಸಿದರು. ನಿನ್ನ ಪ್ರಭುವಿಗೆ ನಿನ್ನ ಮೇಲೆ ಹಕ್ಕಿದೆ, ನಿನ್ನ ದೇಹಕ್ಕೂ ಹಕ್ಕಿದೆ, ನಿನ್ನ ಮನೆಯವರಿಗೂ ಹಕ್ಕಿದೆ, ಪ್ರತಿಯೊಬ್ಬರಿಗೂ ಅವರವರ ಹಕ್ಕನ್ನು ಕೊಡು ಎಂದು ತಿದ್ದಿದರು. ಪ್ರವಾದಿವರ್ಯರು(ಸ) ಸಲ್ಮಾನರ ಮಾತು ಸರಿಯೆಂದರು. ಯೋಚಿಸಿ ನೋಡಿ. ಆರಾಧನೆಯಲ್ಲಿನ ಮಗ್ನತೆ ಕೂಡ ಮನೆಯವರ ಹಕ್ಕನ್ನು ನುಂಗಬಾರದು ಎಂದಾದರೆ, ವಿಮಾನದ, ನಾಣ್ಯದ, ಪಾರಿವಾಳದ, ಕ್ರಿಕೆಟ್ಟಿನ ಮಗ್ನತೆಗೆ ಆ ಅನುಮತಿ ಎಲ್ಲಿಂದ ಬಂತು? ಅಬೂ ದರ್ದಾರನ್ನು(ರ) ತಿದ್ದಿದವರು ಅವರು ತಾವಾಗಿ ಆರಿಸಿಕೊಂಡ ಗೆಳೆಯರಲ್ಲ, ಪ್ರವಾದಿವರ್ಯರು(ಸ) ಜೋಡಿಸಿಕೊಟ್ಟ ಸಹೋದರ ಎಂಬುದನ್ನೂ ಗಮನಿಸಬೇಕು. ನಮ್ಮಂತೆಯೇ ಯೋಚಿಸುವವರು ನಮ್ಮ ಕೊರತೆಯನ್ನು ಕಾಣುವುದು ಕಷ್ಟ. ಅವರಲ್ಲಿಯೂ ಅದೇ ಕೊರತೆ ಇರುತ್ತದೆ.

ಮನೆಯಲ್ಲಿ ನಾವು ಮಾಡಬಹುದಾದುದು

ಇದರ ಪರಿಹಾರ ಫೋನ್ ಕಿತ್ತುಕೊಳ್ಳುವುದೇ? ಅದರಿಂದ ಹುಡುಗನ ಆಸಕ್ತಿ ಸಾಯುವುದಿಲ್ಲ, ಅದು ಕದ್ದುಮುಚ್ಚಿ ಬದುಕುತ್ತದೆ. ನಮಗೆ ಇದಕ್ಕಿಂತ ಉತ್ತಮ ಮಾದರಿಯಿದೆ. ಅನಸ್(ರ) ಅವರ ಪುಟ್ಟ ತಮ್ಮ ಅಬೂ ಉಮೈರ್ ಒಂದು ಚಿಕ್ಕ ಹಕ್ಕಿ ಸಾಕಿದ್ದನು. ಆ ಹಕ್ಕಿಯೊಂದಿಗೆ ಅವನ ಆಟ. ಮನೆಗೆ ಬಂದಾಗ ಅಲ್ಲಾಹನ ಸಂದೇಶವಾಹಕರು(ಸ) ಆ ಮಗುವನ್ನು ಮಾತನಾಡಿಸಿ, ನಿನ್ನ ಹಕ್ಕಿ ಏನಾಯಿತೆಂದು ವಿಚಾರಿಸುತ್ತಿದ್ದರು. ಇಡೀ ಸಮುದಾಯದ ಭಾರ ಹೆಗಲ ಮೇಲಿದ್ದವರಿಗೆ ಒಂದು ಮಗುವಿನ ಹಕ್ಕಿಯ ಬಗ್ಗೆ ಕೇಳಲು ಬಿಡುವಿತ್ತು. ಆ ಹಕ್ಕಿಯಿಂದ ಅವರಿಗೆ ಏನೂ ಆಗಬೇಕಿರಲಿಲ್ಲ. ಮಗುವಿಗೆ ಅದು ಮುಖ್ಯವಾಗಿತ್ತು, ಅಷ್ಟು ಸಾಕಾಗಿತ್ತು.

ನೀವೂ ಇಂದು ಸಂಜೆ ಅದನ್ನೇ ಮಾಡಿ ನೋಡಿ. ಫೋನಿನಲ್ಲಿ ಏನು ಮಾಡುತ್ತಿದ್ದೀಯಾ ಎಂದು ಪೊಲೀಸರಂತೆ ಕೇಳಬೇಡಿ. ಆ ವಿಮಾನದ ಹೆಸರೇನು, ನನಗೂ ಹೇಳು ಎಂದು ಕೇಳಿ. ನಿಮಗೆ ಅರ್ಥವಾಗದಿದ್ದರೂ ಕೇಳಿಸಿಕೊಳ್ಳಿ. ಮಗ ತನ್ನ ಬಳಗದ ಬಗ್ಗೆ ತಾನಾಗಿಯೇ ಹೇಳತೊಡಗುತ್ತಾನೆ. ಅಲ್ಲಿ ಯಾರಿದ್ದಾರೆ, ಯಾರು ಒಳ್ಳೆಯವರು, ಯಾರ ಮಾತು ಅವನಿಗೆ ಸರಿಬರುವುದಿಲ್ಲ ಎಂಬುದೂ ತಿಳಿದುಬರುತ್ತದೆ. ಅಪರಿಚಿತರು ಅವನ ವಯಸ್ಸು, ಶಾಲೆ, ಚಿತ್ರ ಕೇಳಿದರೆ ಮನೆಯಲ್ಲಿ ತಿಳಿಸಬೇಕೆಂದು, ತಿಳಿಸಿದರೆ ಬೈಯುವುದಿಲ್ಲವೆಂದು ಅವನಿಗೆ ಭರವಸೆ ಕೊಡಿ. ಮಗಳ ವಿಷಯದಲ್ಲಿಯೂ ಇದೇ ಸರಿ. ಹೆಣ್ಣುಮಕ್ಕಳಿಗೆ ಆಕಾಶ, ಯಂತ್ರ, ವಿಜ್ಞಾನಗಳಲ್ಲಿ ಆಸಕ್ತಿಯಿರುವುದು ತಪ್ಪೆಂಬಂತೆ ನಾವು ಮುಖ ಗಂಟಿಕ್ಕಿದರೆ ಅವರೂ ನಮ್ಮಿಂದ ಮರೆಮಾಚಲು ಕಲಿಯುತ್ತಾರೆ.

ಎರಡನೆಯದಾಗಿ, ದೂರದ ಆಸಕ್ತಿಯನ್ನು ಹತ್ತಿರಕ್ಕೆ ತನ್ನಿ. ವಿಮಾನಪುರದಲ್ಲಿ ಎಚ್‌ಎಎಲ್ ವತಿಯಿಂದ 2001ರಲ್ಲಿ ಆರಂಭವಾದ ವೈಮಾನಿಕ ವಸ್ತುಸಂಗ್ರಹಾಲಯವಿದೆ. ಅಜ್ಜನನ್ನೂ ಮೊಮ್ಮಗನನ್ನೂ ಒಟ್ಟಿಗೆ ಅಲ್ಲಿಗೆ ಕರೆದೊಯ್ಯಿರಿ. ಮರುತ್ ಅಲ್ಲಿ ನಿಂತಿದೆ. ಆ ದಿನ ಮಾತನಾಡುವವರು ಯಾರು, ಬಾಯಿತೆರೆದು ಕೇಳುವವರು ಯಾರು ಎಂಬುದನ್ನು ನೀವೇ ನೋಡುವಿರಿ. ನಿಮ್ಮ ಬೀದಿಯಲ್ಲಿಯೂ ಇಂಥ ಹಿರಿಯರಿರಬಹುದು. ದರ್ಜಿ ಇರಬಹುದು, ಬಡಗಿ ಇರಬಹುದು, ಬೇರೆ ಧರ್ಮದ ನಿವೃತ್ತ ಫಿಟ್ಟರ್ ಇರಬಹುದು. ಅವರೆಲ್ಲರ ಬಳಿ ಒಂದೊಂದು ವಿದ್ಯೆಯಿದೆ, ಕೇಳುವವರಿಲ್ಲ.

ಮೂರನೆಯದಾಗಿ, ನಿವೃತ್ತ ಹಿರಿಯರಲ್ಲಿಯೂ ಒಂದು ಮಾತು. ಈಗಿನ ಹುಡುಗರಿಗೆ ಯಾವುದರಲ್ಲಿಯೂ ಆಸಕ್ತಿಯಿಲ್ಲ ಎಂಬ ದೂರನ್ನು ಸ್ವಲ್ಪ ಬದಿಗಿಡಿ. ಅವರಿಗೆ ಆಸಕ್ತಿಯಿದೆ. ಅದು ನಿಮಗೆ ತಿಳಿಯದ ಹೆಸರಿನಲ್ಲಿ, ನಿಮಗೆ ತಿಳಿಯದ ಯಂತ್ರದೊಳಗಿದೆ. ಮೊದಲ ಪ್ರಶ್ನೆ ಕೇಳುವ ಸೌಜನ್ಯ ಹಿರಿಯರಿಂದಲೇ ಆರಂಭವಾಗಲಿ. ಅಬೂ ಉಮೈರ್‌ನ ಮನೆಯಲ್ಲಿ ಮೊದಲು ಕೇಳಿದವರು ಹಿರಿಯರೇ ಅಲ್ಲವೇ?

ಪ್ರಿಯ ಓದುಗರೇ,

ಪುನರುತ್ಥಾನದ ದಿನ ಗೆಳೆಯರು ಪರಸ್ಪರ ಶತ್ರುಗಳಾಗುವರು, ದೇವಭಯವುಳ್ಳವರ ಹೊರತು, ಎಂಬ ಎಚ್ಚರಿಕೆ ಪವಿತ್ರ ಕುರ್‌ಆನಿನ ಅಝ್ಝುಖ್ರುಫ್ ಅಧ್ಯಾಯದಲ್ಲಿದೆ. ಅಂದರೆ ಗೆಳೆತನವೂ ಲೆಕ್ಕ ಕೊಡಬೇಕಾದ ಒಂದು ವಿಷಯ. ಅಂದು ನಿಮ್ಮ ಬಳಗದಲ್ಲಿ ಎಷ್ಟು ಜನರಿದ್ದರು, ಅವರ ಪ್ರಾಯವೆಷ್ಟು, ಅವರ ಆಸಕ್ತಿಯೇನು ಎಂಬುದಕ್ಕಿಂತ, ಅವರ ಸಂಗದಲ್ಲಿ ನೀವು ಯಾರ ಹಕ್ಕನ್ನು ಕೊಟ್ಟಿರಿ, ಯಾರ ಹಕ್ಕನ್ನು ಮರೆತಿರಿ ಎಂಬುದು ಮುಖ್ಯವಾದೀತು. ಆಸಕ್ತಿ ಅಲ್ಲಾಹನು ಕೊಟ್ಟ ವರವೇ. ಅದರ ಮೂಲಕ ದೂರದವರು ಹತ್ತಿರವಾಗಲಿ. ಆದರೆ ಅದಕ್ಕಾಗಿ ಹತ್ತಿರದವರು ದೂರವಾಗದಿರಲಿ.

ನಮ್ಮ ಕಿರಿಯರ ಮೇಲೆ ಕರುಣೆಯನ್ನೂ ಹಿರಿಯರ ಬಗ್ಗೆ ಗೌರವವನ್ನೂ ನಮ್ಮ ಹೃದಯಗಳಲ್ಲಿ ಅಲ್ಲಾಹನು ತುಂಬಲಿ. ನಾವು ಆರಿಸಿದ ಗೆಳೆಯರಲ್ಲಿಯೂ, ಅವನು ನಮಗಾಗಿ ಆರಿಸಿದ ನೆರೆ, ನಂಟರಲ್ಲಿಯೂ ಒಳಿತನ್ನು ಕಾಣುವ ಭಾಗ್ಯವನ್ನು ಅನುಗ್ರಹಿಸಲಿ. ಆಮೀನ್.